ಯಾಗನ್ ಭಾಷೆ ಅಳಿದದ್ದು ಯಾವಾಗ?

‘2022ರ ಫೆಬ್ರುವರಿ 16’ ಎಂದಷ್ಟೇ ಬರೆದರೆ ಅರ್ಧ ಅಂಕದ ಉತ್ತರ. ಅಂದು 93ನೇ ವಯಸ್ಸಿನಲ್ಲಿ ತೀರಿಕೊಂಡ ಕ್ರಿಸ್ತಿನಾ ಕಾಲ್ದೆರೋನ್ ಯಾಗನ್ ತಾಯ್ನುಡಿಯಾಗಿದ್ದ ಕೊನೆಯವರು ನಿಜ. ಊರು ಚಿಲಿಯ ದಕ್ಷಿಣ ತುದಿಯ ನವರೀನೋ ದ್ವೀಪದ ವಿಲ್ಲಾ ಉಕಿಕಾ. ಆದರೆ ಅಕ್ಕ ಉರ್ಸುಲಾ 2003ರಲ್ಲಿ, ಅತ್ತಿಗೆ ಎಮೆಲಿಂಡಾ ಅಕುನ್ಯಾ 2005ರಲ್ಲಿ ಹೋದ ಮೇಲೆ ಆಕೆಗೆ ಸರಿಸಮವಾಗಿ ಮಾತಾಡಲು ಯಾರೂ ಇರಲಿಲ್ಲ. ಸಂಭಾಷಣೆ ನಿಂತದ್ದು ಆಗಲೇ.

ಮೂಲ ಪೆಟ್ಟು ಬಿದ್ದದ್ದು ಇನ್ನೂ ಹಿಂದೆ. ಹತ್ತೊಂಬತ್ತನೇ ಶತಮಾನದಲ್ಲಿ ಹೊರಗಿನ ಬೇಟೆಗಾರರು ಸೀಲ್, ತಿಮಿಂಗಿಲಗಳನ್ನು ಬರಿದು ಮಾಡಿದರು. ದೋಣಿಯಲ್ಲೇ ಬದುಕುತ್ತಿದ್ದ ಯಾಗನ್ ಜನರಿಗೆ ಕೊಬ್ಬಿನಂಶದ ಆಹಾರ ಅದೇ ಆಗಿತ್ತು. 1884ರಲ್ಲಿ ಅರ್ಜೆಂಟೀನಾದ ನೌಕಾಪಡೆ ಯಾಗನ್ನರ ನೆಲದಲ್ಲಿದ್ದ ಉಶುವಾಯಾಗೆ ಬಂದ ಬೆನ್ನಿಗೇ ದಡಾರ ಹಬ್ಬಿತು. ಸುಮಾರು 1,000 ಇದ್ದವರು ಎರಡೇ ವರ್ಷದಲ್ಲಿ 400ರ ಆಸುಪಾಸಿಗೆ ಇಳಿದರು. ಉಳಿದವರ ಮಕ್ಕಳಿಗೆ ಶಾಲೆ, ಕೆಲಸ ಎಲ್ಲವೂ ಸ್ಪ್ಯಾನಿಷ್‌ನಲ್ಲಿ. ಯಾಗನ್ ಆಡಿದರೆ ಗೇಲಿ. ಹೆತ್ತವರು ಕಲಿಸುವುದನ್ನೇ ಬಿಟ್ಟರು. ಯುನೆಸ್ಕೋದ ಅಪಾಯದ ಹಂತಗಳು ಮುಖ್ಯವಾಗಿ ನೋಡುವುದೂ ಇದನ್ನೇ: ಭಾಷೆ ಯಾವ ತಲೆಮಾರಿನಲ್ಲಿ ನಿಂತಿದೆ? ಅಜ್ಜ-ಅಜ್ಜಿಯರು ಆಡಿ, ಅಪ್ಪ-ಅಮ್ಮಂದಿರಿಗೆ ಅರ್ಥವಾಗಿಯೂ ಅವರು ಮಕ್ಕಳೊಂದಿಗೆ ಆಡದಿದ್ದರೆ ಅದು ‘ತೀವ್ರ ಅಪಾಯ’. ತಲೆ ಎಣಿಸುವುದಕ್ಕಿಂತ ಈ ಪ್ರಶ್ನೆಗೇ ತೂಕ ಹೆಚ್ಚು.

ನಿಘಂಟು ಇದೆಯಲ್ಲ, ಸಾಲದೇ? ಉಶುವಾಯಾದ ಮಿಷನರಿ ಥಾಮಸ್ ಬ್ರಿಡ್ಜಸ್ ಸುಮಾರು 32,000 ಪದ ಸಂಗ್ರಹಿಸಿದ್ದ; ಅವನು ಸತ್ತ ಎಷ್ಟೋ ವರ್ಷಗಳ ಮೇಲೆ, 1933ರಲ್ಲಿ, ಆಸ್ಟ್ರಿಯಾದ ಮ್ಯೋಡ್ಲಿಂಗ್‌ನಲ್ಲಿ ಅದು ಅಚ್ಚಾಯಿತು. ಅಂಕಿ ನೋಡಿ ಬೆರಗಾಗುವ ಮುನ್ನ ಗಮನಿಸಿ: ಒಂದೇ ಧಾತುವಿಗೆ ಪ್ರತ್ಯಯ ಸೇರಿ ಹುಟ್ಟಿದ ಕ್ರಿಯಾಪದಗಳೂ ಇಲ್ಲಿ ಬೇರೆ ಬೇರೆ ನಮೂದುಗಳು. ಹಸ್ತಪ್ರತಿಯಲ್ಲಿರುವುದು ಎಲ್ಲಿಸ್‌ನ ಧ್ವನಿಲಿಪಿ, ಅಂದರೆ ಉಚ್ಚಾರಣೆಯನ್ನು ಬರೆದಿಡಲು ಇಂಗ್ಲೆಂಡಿನ ವಿದ್ವಾಂಸ ಎಲ್ಲಿಸ್ ರೂಪಿಸಿದ ಲಿಪಿ. ಅದನ್ನು ಮಾಮೂಲಿ ರೋಮನ್ ಅಕ್ಷರ ಎಂದುಕೊಂಡು ಓದಿದರೆ ಸ್ವರಗಳೆಲ್ಲ ತಪ್ಪುತ್ತವೆ. ಕೊನೆಯ ಮಾತುಗಾರರ ಧ್ವನಿಮುದ್ರಣದ ಜೊತೆ ಪದಪದವಾಗಿ ಹೋಲಿಸಿ ನೋಡಬೇಕು. ಅಲ್ಲೂ ವ್ಯತ್ಯಾಸ ಸಿಗುತ್ತದೆ, ಏಕೆಂದರೆ ಯಾಗನ್‌ನಲ್ಲಿ ಹಲವು ಉಪಭಾಷೆಗಳಿದ್ದವು. ಪದ ಎಷ್ಟೇ ಸಿಕ್ಕರೂ ಮಾತಿನ ವೇಗ, ತಮಾಷೆ, ಸಿಟ್ಟಿನ ದನಿ ನಿಘಂಟಿನಿಂದ ಬರುವುದಿಲ್ಲ.

ಇನ್ನೊಂದು ಸಾಮಾನ್ಯ ತಪ್ಪು, ‘ಯಾಗನ್ ಜನಾಂಗ ಅಳಿಯಿತು’ ಎಂದು ಬರೆಯುವುದು. ಚಿಲಿಯ 2017ರ ಜನಗಣತಿಯಲ್ಲಿ ಸುಮಾರು 1,600 ಮಂದಿ ತಾವು ಯಾಗನ್ನರೆಂದು ಬರೆಸಿದ್ದಾರೆ. ಕ್ರಿಸ್ತಿನಾ ಅವರ ಮಗಳು ಲಿದಿಯಾ ಗೊನ್ಸಾಲೆಸ್ 2021ರಲ್ಲಿ ದೇಶದ ಸಂವಿಧಾನ ರಚನಾ ಸಭೆಗೆ ಯಾಗನ್ ಪ್ರತಿನಿಧಿಯಾಗಿ ಆಯ್ಕೆಯಾದರು.