ಹಿಮದ ನಾಡಿನ ಹುಲ್ಲಿಗೆ ಕಾಲುವೆ ಏಕೆ ಬೇಕಿತ್ತು?

ಪ್ರಶ್ನೆ: ಸುಮಾರು ಸಾವಿರ ವರ್ಷಗಳ ಹಿಂದೆ ಉತ್ತರ ಯುರೋಪಿನ ಕಡೆಯಿಂದ ಹೋಗಿ ಗ್ರೀನ್‌ಲ್ಯಾಂಡಿನಲ್ಲಿ ನೆಲೆಸಿದ್ದ ನಾರ್ಸ್ ಜನಾಂಗದ ರೈತರು ಕಾಲುವೆ ತೋಡಿ ನೀರು ಹಾಯಿಸುತ್ತಿದ್ದರೆಂದು ಓದಿದೆ. ಎತ್ತ ನೋಡಿದರೂ ಹಿಮವೇ ಇರುವಲ್ಲಿ ನೀರಿಗೇನು ಕೊರತೆ?

ಉತ್ತರ: ಈ ಪ್ರಶ್ನೆಗೆ ಹಿಂದೆಯೂ ಹಲವು ಸಲ ಚುಟುಕಾಗಿ ಉತ್ತರಿಸಿದ್ದೇನೆ. ಆದರೂ ‘ಹಿಮವಿದ್ದಲ್ಲಿ ನೀರಿಗೆ ಬರವಿಲ್ಲ’ ಎಂಬ ನಂಬಿಕೆ ಅಲುಗುತ್ತಿಲ್ಲವಾದ್ದರಿಂದ ಈ ಸಲ ಅದನ್ನು ಬುಡದಿಂದಲೇ ಪರಿಶೀಲಿಸೋಣ.

ಮೊದಲು ಬೆಳೆಯ ಮಾತು. ಅವರು ನೀರು ಹಾಯಿಸಿದ್ದು ಧಾನ್ಯಕ್ಕಲ್ಲ, ಹುಲ್ಲಿಗೆ. ಸುಟ್ಟು ಕರಿಕಾದ ಬಾರ್ಲಿಯ ಕಾಳುಗಳು ಅಲ್ಲಿ ಸಿಕ್ಕಿರುವುದು ನಿಜವಾದರೂ ಬದುಕು ನಿಂತಿದ್ದದ್ದು ದನ, ಕುರಿ, ಆಡುಗಳ ಮೇಲೆ. ವರ್ಷದ ಅರ್ಧಕ್ಕೂ ಹೆಚ್ಚು ಕಾಲ ಹಸುಗಳು ಕೊಟ್ಟಿಗೆಯಲ್ಲೇ ಇರಬೇಕಾಗಿದ್ದುದರಿಂದ ಅಷ್ಟು ತಿಂಗಳ ಮೇವನ್ನು ಒಂದೇ ಕಿರುಬೇಸಿಗೆಯಲ್ಲಿ ಕೊಯ್ದು ಒಣಗಿಸಿ ಕೂಡಿಡಬೇಕಿತ್ತು. ಮನೆಯ ಸುತ್ತಲಿನ, ‘ತೂನ್’ ಎಂದು ಕರೆಯಲಾಗುತ್ತಿದ್ದ ಗೊಬ್ಬರ ಹಾಕಿದ ಹುಲ್ಲುನೆಲ ಆ ಬೇಸಿಗೆಯಲ್ಲಿ ಒಣಗಿತೆಂದರೆ ಚಳಿಗಾಲಕ್ಕೆ ಮುನ್ನವೇ ಯಾವ ಹಸುಗಳನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕಡಿಯಬೇಕು ಎಂದು ಲೆಕ್ಕ ಹಾಕಬೇಕಾಗುತ್ತಿತ್ತು.

ಇನ್ನು ಹಿಮ. ಹುಲ್ಲಿಗೆ ಮುಖ್ಯವಾದದ್ದು ವರ್ಷದಲ್ಲಿ ಒಟ್ಟು ಎಷ್ಟು ನೀರು ಬಂತು ಎಂಬುದಲ್ಲ, ಅದು ಬೆಳೆಯುವ ವಾರಗಳಲ್ಲಿ ಬೇರಿನ ಬಳಿ ಎಷ್ಟು ನೀರಿತ್ತು ಎಂಬುದು. ವಸಂತದಲ್ಲಿ ಕರಗಿದ ಹಿಮದ ಬಹುಪಾಲು ಹುಲ್ಲು ಚಿಗುರಿ ನಿಲ್ಲುವ ಮೊದಲೇ ಇಳಿಜಾರಿನಲ್ಲಿ ಹರಿದು ಕಡಲು ಸೇರುತ್ತದೆ. ಒಳನಾಡಿನ ಮಹಾ ಹಿಮರಾಶಿಯ ನೀರು ತನ್ನದೇ ನದಿಗಳಲ್ಲಿ ತಗ್ಗಿನಲ್ಲಿ ಸಾಗುತ್ತದೆಯೇ ಹೊರತು ಮನೆಯ ಹಿಂದಿನ ದಿಬ್ಬ ಏರಿ ಬರುವುದಿಲ್ಲ. ತೆಳುವಾದ, ಮರಳು ಬೆರೆತ ಮಣ್ಣು ತೇವವನ್ನು ಬಹುಕಾಲ ಹಿಡಿದಿಡದು. ಎಲ್ಲಕ್ಕಿಂತ ಮುಖ್ಯವಾಗಿ, ರೈತರು ಬೇಸಿಗೆ ಬೆಚ್ಚಗಿರುವ ಜಾಗವನ್ನು ಹುಡುಕಿಕೊಂಡು ಫ್ಯೋರ್ಡುಗಳೆಂಬ ಕಡಲ ಕಿರುತೋಳುಗಳ ಒಳತುದಿಗೆ ಹೋಗಿ ನೆಲೆಸಿದ್ದರು. ಹೊರಕರಾವಳಿಗೆ ಮಳೆಯೂ ಮಂಜೂ ಹೆಚ್ಚು, ಬಿಸಿಲು ಕಡಿಮೆ. ಒಳತುದಿಗೆ ಬಿಸಿಲು ಹೆಚ್ಚು, ಆದರೆ ಅದು ಮಳೆನೆರಳಿನ ನೆಲ. ಅದರ ಮೇಲೆ, ಹಿಮರಾಶಿಯ ಎತ್ತರದಿಂದ ಕೆಳಗಿಳಿಯುವಾಗ ಬಿಸಿಯೇರಿ ಶುಷ್ಕವಾಗುವ ಫಾನ್ ಗಾಳಿ ಬೀಸಿದರೆ ಇದ್ದ ತೇವವೂ ಹಾರಿಹೋಗುತ್ತದೆ. ಹುಲ್ಲಿಗೆ ಬೇಕಾದ ಬೆಚ್ಚನೆಯ ಜೊತೆಗೇ ಒಣಹವೆಯೂ ಬಂದಿತ್ತು. ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳುವ ಅವಕಾಶ ಅವರಿಗಿರಲಿಲ್ಲ.

ಇದು ಬರಿಯ ಊಹೆಯಲ್ಲ. ಗ್ರೀನ್‌ಲ್ಯಾಂಡಿನ ಬಿಷಪ್‌ನ ಪೀಠವಾಗಿದ್ದ ಗಾರ್ದರ್, ಅಂದರೆ ಇಂದಿನ ಇಗಲಿಕು, 1926ರಲ್ಲಿ ಪುರಾತತ್ವಜ್ಞ ಪೌಲ್ ನೊರ್ಲುಂಡ್ ಉತ್ಖನನ ನಡೆಸಿದ ತಾಣ. ಅಲ್ಲಿನ ಎರಡು ದೊಡ್ಡ ಕೊಟ್ಟಿಗೆಗಳಲ್ಲಿ ಸುಮಾರು 100 ಹಸುಗಳಿಗೆ ಜಾಗವಿತ್ತು. ಮೇಲಿನ ಇಳಿಜಾರಿನಲ್ಲಿ ಒಡ್ಡು ಹಾಕಿ ನೀರು ನಿಲ್ಲಿಸಿದ ಕುಂಟೆಗಳ ಕುರುಹುಗಳೂ, ಅಲ್ಲಿಂದ ಹುಲ್ಲುನೆಲಕ್ಕೆ ಇಳಿಯುವ ಕಾಲುವೆಗಳ ಕುರುಹುಗಳೂ ಗುರುತಿಗೆ ಸಿಕ್ಕಿವೆ. ವಸಂತದಲ್ಲಿ ಓಡಿಹೋಗುವ ನೀರನ್ನು ತಡೆದು ಬೇಸಿಗೆಯಲ್ಲಿ ಬಿಡುವ ಈ ಏರ್ಪಾಡಿನಲ್ಲಿ ನೀರೆತ್ತುವ ಶ್ರಮವಿಲ್ಲ, ಇಳಿಜಾರೇ ಕೆಲಸ ಮಾಡುತ್ತದೆ. ನಮ್ಮ ಕೆರೆ ಏರಿ, ತೂಬುಗಳನ್ನು ಕಂಡವರಿಗೆ ಇದರ ಜಾಣತನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ವಲಸೆಯ ಮುಂದಾಳು ಎರಿಕ್ ರೌದಿಯ ಬ್ರಾಟಾಲಿದ್ ಎಂಬ ಹೊಲಮನೆ ಇದ್ದ ಕಸ್ಸಿಯಾರ್ಸುಕ್ ಬಳಿಯ ಕೆರೆಯೊಂದರ ಕೆಸರಿನ ಪದರಗಳನ್ನು ಓದಿ 2022ರಲ್ಲಿ ಪ್ರಕಟವಾದ ಅಧ್ಯಯನವು ನಾರ್ಸ್ ಜನರ ಕಾಲದುದ್ದಕ್ಕೂ ಅಲ್ಲಿ ತಾಪಮಾನ ಹೆಚ್ಚೇನೂ ಬದಲಾಗಲಿಲ್ಲವೆಂದೂ ಶುಷ್ಕತೆ ಮಾತ್ರ ಏರುತ್ತಲೇ ಹೋಯಿತೆಂದೂ ತೋರಿಸಿತು. ಬರವೊಂದೇ ಆ ನೆಲೆಗಳನ್ನು ಅಳಿಸಿತೆಂದು ನಾನು ಹೇಳಲಾರೆ. ಆದರೆ ಚಳಿಯೊಂದನ್ನೇ ದೂರುವ ಹಳೆಯ ವಿವರಣೆ ಇನ್ನು ಸಾಲದು.

ಈ ವಿದ್ಯೆ ಅವರಿಗೆ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಅದನ್ನೇ. ಸುಮಾರು 985ರಲ್ಲಿ ಎರಿಕ್ ಹೊರಟದ್ದು ಐಸ್‌ಲ್ಯಾಂಡಿನಿಂದ. ಆ ನಾಡಿನ ಮಧ್ಯಯುಗದ ಕಾನೂನು ಸಂಗ್ರಹವಾದ ‘ಗ್ರಾಗಾಸ್’ನಲ್ಲಿ ಹುಲ್ಲುನೆಲಕ್ಕೆ ನೀರು ತಿರುಗಿಸಿಕೊಳ್ಳುವ ಬಗ್ಗೆ ನಿಯಮಗಳಿವೆ, ನೆರೆಹೊರೆಯವರು ನೀರಿಗಾಗಿ ಜಗಳವಾಡದ ಕಡೆ ಅಂಥ ನಿಯಮ ಹುಟ್ಟುವುದಿಲ್ಲ. ಅದಕ್ಕೂ ಹಿಂದಿನ ತವರು ನಾರ್ವೆ. ಅಲ್ಲಿನ ಒಳಕಣಿವೆಯಾದ ಶೋಕ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 300 ಮಿಲಿಮೀಟರ್ ಮಾತ್ರ. ಅಲ್ಲಿನ ರೈತರು ಬೆಟ್ಟದ ಮೇಲಿನ ನೀರನ್ನು ಕಾಲುವೆಗಳಲ್ಲಿ ಹೊಲಗಳಿಗೆ ಇಳಿಸಿಕೊಂಡೇ ಶತಮಾನಗಳಿಂದ ಬೆಳೆ ತೆಗೆದಿದ್ದಾರೆ.