ಪ್ಯಾರಾಸಿಂಪಥೆಟಿಕ್ ನರವ್ಯೂಹ: ತಂತುಗಳ ಜಾಡು ಹಿಡಿದು ಒಂದು ಟಿಪ್ಪಣಿ

ಪ್ಯಾರಾಸಿಂಪಥೆಟಿಕ್ ನರವ್ಯೂಹವೆಂದರೆ ದೇಹ ವಿಶ್ರಾಂತಿಯಲ್ಲಿರುವಾಗ ಜೀರ್ಣಕ್ರಿಯೆಯಂಥ ಒಳಗಿನ ಕೆಲಸಗಳನ್ನು ನಮ್ಮ ಅರಿವಿಲ್ಲದೆ ನಡೆಸುವ ನರಗಳ ವ್ಯವಸ್ಥೆ. ಈ ಭಾಗವನ್ನು ಓದುವಾಗ ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ತಂತು (ನರದ ಎಳೆ) ಎಲ್ಲಿ ಹುಟ್ಟುತ್ತದೆ, ಎಲ್ಲಿ ಮುಂದಿನ ನರಕೋಶವನ್ನು ಸಂಧಿಸುತ್ತದೆ, ಯಾವ ನರದ ಜೊತೆಗೂಡಿ ಅಂಗವನ್ನು ಸೇರುತ್ತದೆ ಎಂದು ಕೇಳಿಕೊಳ್ಳುತ್ತ ಹೋಗುವುದು ಹೆಚ್ಚು ಫಲ ಕೊಡುತ್ತದೆ.

ತಂತುಗಳು ಹುಟ್ಟುವುದು ಎರಡು ಕಡೆ ಮಾತ್ರ. ಮೆದುಳಿನ ಕಾಂಡದಿಂದ ಹೊರಡುವವು 3, 7, 9 ಮತ್ತು 10ನೆಯ ಕಪಾಲ ನರಗಳಲ್ಲಿ (ಮೆದುಳಿನಿಂದಲೇ ಹೊರಡುವ ಜೋಡಿ ನರಗಳಲ್ಲಿ) ಸಾಗುತ್ತವೆ. ಉಳಿದವು ಬೆನ್ನುಹುರಿಯ ಕೆಳತುದಿಯ ಬಳಿಯ ಸೇಕ್ರಲ್ ಭಾಗದ 2, 3 ಮತ್ತು 4ನೆಯ ಖಂಡಗಳಿಂದ ಹೊರಡುತ್ತವೆ. ತಂತು ಮುಂದಿನ ನರಕೋಶವನ್ನು ಸಂಧಿಸುವ ಗಂಟಿಗೆ ಗ್ಯಾಂಗ್ಲಿಯಾನ್ ಎನ್ನುತ್ತಾರೆ. ಗ್ಯಾಂಗ್ಲಿಯಾನ್‌ಗಳು ಅಂಗದ ಸಮೀಪದಲ್ಲಿ ಅಥವಾ ಅದರ ಗೋಡೆಯೊಳಗೇ ಇರುವುದರಿಂದ, ಅವುಗಳಿಗೆ ಮೊದಲಿನ ತಂತು ಉದ್ದ, ನಂತರದ್ದು ಗಿಡ್ಡ.

ತಲೆಯ ಭಾಗದಲ್ಲಿ ಗೊಂದಲ ಹೆಚ್ಚು. ಸಿಲಿಯರಿ, ಟೆರಿಗೋಪ್ಯಾಲಟೈನ್, ಸಬ್‌ಮ್ಯಾಂಡಿಬ್ಯುಲರ್, ಓಟಿಕ್ ಎಂಬ ನಾಲ್ಕು ಗ್ಯಾಂಗ್ಲಿಯಾನ್‌ಗಳೂ 5ನೆಯದಾದ ಟ್ರೈಜೆಮಿನಲ್ ನರದ ಕವಲುಗಳಿಗೆ ಅಂಟಿಕೊಂಡಂತಿವೆ. ಆದರೆ ಆ ನರಕ್ಕೆ ತನ್ನದೇ ಆದ ಪ್ಯಾರಾಸಿಂಪಥೆಟಿಕ್ ಮೂಲವಿಲ್ಲ, ಅದು ಹಾದಿಯನ್ನಷ್ಟೇ ಒದಗಿಸುತ್ತದೆ. ಕಿವಿಯ ಮುಂದಿನ ಪರೋಟಿಡ್ ಜೊಲ್ಲುಗ್ರಂಥಿಯನ್ನೇ ನೋಡಿ: ಅದರ ತಂತು ಮೆದುಳಿನ ಕಾಂಡದ ಕೆಳಭಾಗವಾದ ಮೆಡುಲ್ಲಾದಲ್ಲಿ ಹುಟ್ಟಿ, 9ನೆಯ ನರದಲ್ಲಿ ಹೊರಬಿದ್ದು, ನಡುಗಿವಿಯ ಒಳಗೋಡೆಯ ಮೇಲಿನ ಟಿಂಪ್ಯಾನಿಕ್ ಜಾಲವನ್ನು ಹಾದು, ಲೆಸರ್ ಪೆಟ್ರೋಸಲ್ ನರವಾಗಿ ಓಟಿಕ್ ಗ್ಯಾಂಗ್ಲಿಯಾನ್ ತಲುಪುತ್ತದೆ. ಅಲ್ಲಿಂದ ಹೊರಟ ಗಿಡ್ಡ ತಂತು ಟ್ರೈಜೆಮಿನಲ್‌ನ ಆರಿಕ್ಯುಲೋಟೆಂಪೊರಲ್ ಕವಲನ್ನು ಹಿಡಿದು ಗ್ರಂಥಿಯನ್ನು ಸೇರುತ್ತದೆ. ಮುಖದ ನರವಾದ 7ನೆಯದು ಇದೇ ಗ್ರಂಥಿಯ ಒಳಗೆ ಕವಲೊಡೆದರೂ ಅದಕ್ಕೆ ಜೊಲ್ಲು ಸುರಿಸುವ ತಂತುಗಳನ್ನು ಕೊಡುವುದಿಲ್ಲ. ಪರೀಕ್ಷೆಯಲ್ಲಿ ಬಹಳ ಮಂದಿ ತಪ್ಪುವುದು ಇಲ್ಲಿಯೇ.

ಕಣ್ಣಿಗೆ ಹೋಗುವ 3ನೆಯ ನರದಲ್ಲಿ ಪಾಪೆಯನ್ನು ಕುಗ್ಗಿಸುವ ತಂತುಗಳು ಹೊರಮೈಗೆ ಹತ್ತಿರವಾಗಿರುತ್ತವೆ. ಆದ್ದರಿಂದ ರಕ್ತನಾಳದ ಉಬ್ಬು ಹೊರಗಿನಿಂದ ಒತ್ತಿದಾಗ ಪಾಪೆ ಬೇಗನೆ ಹಿಗ್ಗುತ್ತದೆ. ಸಕ್ಕರೆ ಕಾಯಿಲೆಯಿಂದ ನರದ ಒಳಭಾಗಕ್ಕೆ ರಕ್ತ ಕಡಿಮೆಯಾದಾಗ ಸಾಮಾನ್ಯವಾಗಿ ಪಾಪೆ ಪಾರಾಗುತ್ತದೆ. ಅಂಗರಚನೆಯನ್ನು ಇಷ್ಟು ಸೂಕ್ಷ್ಮವಾಗಿ ಏಕೆ ಓದಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ.

10ನೆಯ ವೇಗಸ್ ನರ ಹೃದಯ, ಶ್ವಾಸಕೋಶ, ಜಠರ ಮತ್ತು ಕರುಳಿನ ಬಹುಭಾಗವನ್ನು ವ್ಯಾಪಿಸುತ್ತದೆ. ಅದರ ತಂತುಗಳಲ್ಲಿ ಹೆಚ್ಚಿನವು ಅಂಗಗಳಿಂದ ಮೆದುಳಿಗೆ ಸುದ್ದಿ ಒಯ್ಯುವಂಥವು ಎಂಬುದು ನೆನಪಿರಲಿ. ಅದರ ವ್ಯಾಪ್ತಿ ದೊಡ್ಡ ಕರುಳಿನ ಅಡ್ಡಭಾಗದ ಮೊದಲ ಮೂರನೆಯ ಎರಡು ಪಾಲಿಗೆ ಮುಗಿಯುತ್ತದೆ. ಮುಂದಿನ ಕರುಳು, ಮೂತ್ರಕೋಶ ಮತ್ತು ಜನನಾಂಗಗಳು ಸೇಕ್ರಲ್ ತಂತುಗಳಾದ ಪೆಲ್ವಿಕ್ ಸ್ಪ್ಲಾಂಕ್ನಿಕ್ ನರಗಳಿಗೆ ಸೇರಿದವು. ಇವು ಸೇರುವ ನರಜಾಲ ಗುದನಾಳದ ಎರಡೂ ಪಕ್ಕಗಳಲ್ಲಿ ಹರಡಿರುವುದರಿಂದ, ಅಲ್ಲಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಅದಕ್ಕೆ ಪೆಟ್ಟಾದರೆ ಮೂತ್ರ ವಿಸರ್ಜನೆಗೂ ಲೈಂಗಿಕ ಕ್ರಿಯೆಗೂ ತೊಂದರೆಯಾಗಬಹುದು.