ಸ್ಪೆಕ್ಟ್ರೋಸ್ಕೋಪಿ: ಬೆಳಕು ಹಾಯಿಸಿದ್ದೆಲ್ಲ ಅದಲ್ಲ

ಚುಚ್ಚದೆ ಸಕ್ಕರೆ ಅಳೆಯುತ್ತದಂತೆ, ಅಂಥದ್ದೊಂದು ವಾಚಿನ ಜಾಹೀರಾತಿನಲ್ಲಿ ಮತ್ತೆ ಅದೇ ಮಾತು: ‘ಸ್ಪೆಕ್ಟ್ರೋಸ್ಕೋಪಿ ತಂತ್ರಜ್ಞಾನ’. ಅಡಿಯಲ್ಲೊಂದು ಹಸಿರು ದೀಪ ಮಿನುಗಿದರೆ ಸಾಕು, ಈ ಹೆಸರು ಅಂಟಿಸಿಬಿಡುತ್ತಾರೆ. ಚರ್ಮ ಚುಚ್ಚದೆ ತಾನೇ ಸಕ್ಕರೆ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು. ವಾಚು ಹಾಗಿರಲಿ, ಲ್ಯಾಬಿನವರೂ ಈ ಪದವನ್ನು ಸಡಿಲವಾಗಿಯೇ ಬಳಸುತ್ತಾರೆ.

ಹಿಮೋಗ್ಲೋಬಿನ್ ಪರೀಕ್ಷೆಯನ್ನೇ ನೋಡಿ. ಹಿಮೋಗ್ಲೋಬಿನ್ನನ್ನು ಸ್ಥಿರ ಬಣ್ಣಕ್ಕೆ ತರುವ ಡ್ರಾಬ್‌ಕಿನ್ ದ್ರಾವಣವನ್ನು ರಕ್ತಕ್ಕೆ ಬೆರೆಸಿ, 540 ನ್ಯಾನೋಮೀಟರ್ ತರಂಗಾಂತರದ ಬೆಳಕು ಹಾಯಿಸಿ, ಎಷ್ಟು ಹೀರಿತು ಎಂದು ಅಳೆಯುತ್ತಾರೆ. ಒಂದೇ ಬಣ್ಣ, ಒಂದೇ ಸಂಖ್ಯೆ. ಇದು ಫೋಟೋಮೆಟ್ರಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೆಂಪು ಮತ್ತು ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಎಂದು ಎರಡು ಬೆಳಕು ಬಳಸುತ್ತದೆ. ಅದನ್ನೂ ನಾನು ಈ ಸಾಲಿಗೇ ಸೇರಿಸುತ್ತೇನೆ. ಸ್ಪೆಕ್ಟ್ರೋಸ್ಕೋಪಿಯಲ್ಲಿ ನೋಡುವುದು ಇಡೀ ರೋಹಿತವನ್ನು, ಅಂದರೆ ಸ್ಪೆಕ್ಟ್ರಮ್ಮನ್ನು: ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಯಾವ ತರಂಗಾಂತರದಲ್ಲಿ ಎಷ್ಟು ಹೀರಿಕೆ ಎಂಬ ಗೆರೆಯ ಆಕಾರವನ್ನು. ಯಂತ್ರ ಎರಡಕ್ಕೂ ಒಂದೇ ಇರಬಹುದು, ಕೆಲಸ ಬೇರೆ. (‘ರೋಹಿತ’ ಪಠ್ಯಪುಸ್ತಕದವರು ಹೊಸೆದ ಪದವೆಂದು ಮೂಗು ಮುರಿಯುವವರಿಗೆ: ಬಾಗದೆ ನೆಟ್ಟಗಿರುವ ಕಾಮನಬಿಲ್ಲಿಗೆ ಅಮರಕೋಶದಲ್ಲೇ ಈ ಹೆಸರಿದೆ.)

ಆಕಾರ ನೋಡಿದರೆ ಏನು ಲಾಭ? ಹಠಾತ್ತನೆ ಸಿಡಿಲು ಬಡಿದಂಥ ತಲೆನೋವು, ಸಿಟಿ ಸ್ಕ್ಯಾನಿನಲ್ಲಿ ಏನೂ ಇಲ್ಲ. ಮಿದುಳಿನ ಪೊರೆಗಳ ನಡುವೆ ರಕ್ತ ಸೋರಿರಬಹುದೆಂಬ ಅನುಮಾನ. ಬೆನ್ನಿಂದ ನೀರು ತೆಗೆಯುತ್ತಾರೆ. ನೀರು ಕೆಂಪಾಗಿ ಬಂತು. ಅದು ಮಿದುಳಿನ ಬಳಿ ಸೋರಿದ್ದೋ, ಸೂಜಿ ತಾಗಿ ಬಂದದ್ದೋ? ಮಾದರಿಯನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಮೇಲಿನ ತಿಳಿಯನ್ನಷ್ಟೇ ತೆಗೆದು, ಸುಮಾರು 350ರಿಂದ 600 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಅದರಲ್ಲಿ ಹಾಯಿಸಿ ನೋಡುತ್ತಾರೆ. ಹಿಮೋಗ್ಲೋಬಿನ್ 415ರ ಆಸುಪಾಸಿನಲ್ಲಿ ಚೂಪಾದ ಶಿಖರ ತೋರುತ್ತದೆ. ಹಿಮೋಗ್ಲೋಬಿನ್ ಒಡೆದಾಗ ಆಗುವ ಹಳದಿ ವಸ್ತು ಬಿಲಿರುಬಿನ್ ಇದ್ದರೆ 450ರಿಂದ 476ರ ಸುತ್ತ ಅಗಲವಾದ ದಿಬ್ಬವೋ ಭುಜವೋ ಕಾಣುತ್ತದೆ. ಹಿಮೋಗ್ಲೋಬಿನ್ ಬಿಲಿರುಬಿನ್ ಆಗಬೇಕಾದರೆ ದೇಹದೊಳಗಿನ ಕಿಣ್ವ ಬೇಕು, ಹೊತ್ತೂ ಬೇಕು; ಈಗಷ್ಟೇ ಸೂಜಿಯಿಂದ ಬಂದ ರಕ್ತ ಕೊಳವೆಯಲ್ಲಿ ಹಾಗಾಗದು. ಹಾಗಾಗಿ ಆ ದಿಬ್ಬ ಕಂಡರೆ ಸೋರಿಕೆ ಮೊದಲೇ ಆಗಿತ್ತೆಂಬ ಅನುಮಾನ ಗಟ್ಟಿಯಾಗುತ್ತದೆ. ತಲೆನೋವು ಶುರುವಾಗಿ 12 ಗಂಟೆಯಾದರೂ ಕಾಯುವುದು ಇದಕ್ಕೇ.

ಮಾದರಿಯನ್ನು ಕತ್ತಲಲ್ಲಿಟ್ಟು ಕಳಿಸಬೇಕು, ಬೆಳಕಿಗೆ ಬಿಲಿರುಬಿನ್ ಕೆಡುತ್ತದೆ. ಕಾಮಾಲೆಯ ಹಸುಗೂಸನ್ನು ನೀಲಿ ದೀಪದಡಿ ಮಲಗಿಸುವುದೂ ಅದು ಬೆಳಕಿಗೆ ಬದಲಾಗುವುದರಿಂದಲೇ. ಜೊತೆಗೆ ರಕ್ತದ ಬಿಲಿರುಬಿನ್ ಕೂಡ ನೋಡಬೇಕು. ಕಾಮಾಲೆಯಿದ್ದರೆ ಅಲ್ಲಿಂದಲೂ ಇಳಿದಿರಬಹುದು. ಕೊಳವೆಯನ್ನು ಕಿಟಕಿಗೆ ಹಿಡಿದು ‘ಹಳದಿ ಇಲ್ಲ’ ಎಂದು ಬರೆದುಬಿಡುವ ಅಭ್ಯಾಸ ಹಲವೆಡೆ ಇನ್ನೂ ಇದೆ. ಬ್ರಿಟನ್ನಿನ ಮಾರ್ಗಸೂಚಿ ಆ ಕಣ್ಣಳತೆಯನ್ನು ನಂಬುವುದಿಲ್ಲ, ಸರಿಯಾಗಿಯೇ.

1961ರಲ್ಲಿ ನ್ಯೂಜಿಲೆಂಡಿನ ವಿಲಿಯಂ ಲೈಲಿ ಗರ್ಭಜಲದಲ್ಲಿ ಅಳೆದದ್ದೂ ಇದೇ ದಿಬ್ಬವನ್ನು. 450ರಲ್ಲಿ ಗೆರೆ ಎಷ್ಟು ಉಬ್ಬಿದೆ ಎಂಬುದರಿಂದ, ತಾಯಿಯ ರಕ್ತದ ಆರ್‌ಎಚ್ ಗುಂಪಿಗೆ ಹೊಂದದ ಗರ್ಭಸ್ಥ ಶಿಶುವಿನ ರಕ್ತ ಎಷ್ಟು ಒಡೆಯುತ್ತಿದೆ ಎಂದು ಅಂದಾಜಿಸಿದರು. ಈಗ ಆ ಕೆಲಸಕ್ಕೆ ಡಾಪ್ಲರ್ ಸ್ಕ್ಯಾನ್ ಇದೆ.

ಇನ್ನು ‘ರಾಮನ್ ಟೆಸ್ಟ್’ ಎನ್ನುತ್ತಾರಲ್ಲ, ಅದೂ ಸ್ಪೆಕ್ಟ್ರೋಸ್ಕೋಪಿಯೇ, ಆದರೆ ಬೇರೆ ಬಗೆಯದು. ಮೇಲೆ ಹೇಳಿದ್ದೆಲ್ಲ ಹೀರಿಕೆ. ರಾಮನ್ ವಿಧಾನದ್ದು ಚದರಿಕೆ. ಅಣುವಿಗೆ ತಾಗಿ ಬಣ್ಣ ಬದಲಿಸಿ ಚದರಿದ ಬೆಳಕಿನ ತೀರಾ ಸಣ್ಣ ಪಾಲನ್ನು ಅದು ಹಿಡಿಯುತ್ತದೆ. ಅವಕೆಂಪು ಬೆಳಕನ್ನು ನೀರು ವಿಪರೀತ ಹೀರುವುದರಿಂದ ಅವಕೆಂಪು ಹೀರಿಕೆಯ ವಿಧಾನದಲ್ಲಿ ರಕ್ತದ ಹನಿಯನ್ನು ಎಷ್ಟೋ ಸಲ ಒಣಗಿಸಿಯೇ ನೋಡಬೇಕಾಗುತ್ತದೆ. ರಾಮನ್ ಚದರಿಕೆಗೆ ನೀರಿನ ಕಾಟ ಕಡಿಮೆ. ದೇಹದ್ರವಗಳ ಸಂಶೋಧಕರು ಇದರ ಹಿಂದೆ ಬಿದ್ದಿರುವುದಕ್ಕೆ ಅದೊಂದು ದೊಡ್ಡ ಕಾರಣ. ದಿನಬಳಕೆಯ ರಕ್ತಪರೀಕ್ಷೆಯ ಪಟ್ಟಿಗೆ ಅದಿನ್ನೂ ಬಂದಿಲ್ಲ. ಅಂದಹಾಗೆ, 1928ರಲ್ಲಿ ರಾಮನ್ ಅದನ್ನು ಕಂಡದ್ದು ಕಲ್ಕತ್ತೆಯಲ್ಲಿ. ಬೆಂಗಳೂರಿಗೆ ಬಂದದ್ದು 1933ರಲ್ಲಿ.